ತೆರೆದ ಕಾರು ಮತ್ತು ಬೆಟ್ಟದ ಹುಲ್ಲುಗಾವಲು

(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಣ್ಣು, ನೀರು, ಕಾಡುಗಳ ಬಗ್ಗೆ ಮಾತನಾಡಲು ಸೇರಿದ ಸಭೆಯಲ್ಲಿ ಇಟಲಿಯ ಹಳೆಯ ಕಾರುಗಳ ವಿಚಾರವೇಕೆ ಎಂಬ ಪ್ರಶ್ನೆ ಸಹಜವಾದುದು. ಆದರೆ ಶನಿವಾರ, ಭಾನುವಾರ ಬಂತೆಂದರೆ ಘಟ್ಟದ ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲುವುದನ್ನು ಕಾಣದ ಊರು ಮಲೆನಾಡಿನಲ್ಲಿ ಈಗ ಅಪರೂಪ. ಎಲ್ಲಿಗೋ ತಲುಪುವ ಅಗತ್ಯವಿಲ್ಲದೆ, ಬೆಟ್ಟವನ್ನು ನೋಡುವುದಕ್ಕಾಗಿಯೇ ಗಾಡಿ ಓಡಿಸುವ ಹವ್ಯಾಸ ಯುರೋಪಿನಲ್ಲಿ ಬಹಳ ಹಿಂದೆಯೇ ಬೇರುಬಿಟ್ಟಿತು. ಅದರ ಅತ್ಯಂತ ಸೊಗಸಾದ ರೂಪ ಇಟಲಿಯಲ್ಲಿದೆ. ಆ ಸೊಗಸು ಎಂಥದು, ಅದಕ್ಕೆ ಬೇಕಾದ ಬೆಟ್ಟವನ್ನು ಸಜ್ಜುಗೊಳಿಸಿ ಇಟ್ಟವರು ಯಾರು, ಕೊನೆಗೆ ಅಲ್ಲಿಯ ಬೆಟ್ಟದ ಜನ ಗೆರೆಯನ್ನು ಎಲ್ಲಿ ಎಳೆದರು ಎಂಬುದು ಇಲ್ಲಿಯವರಿಗೂ ತಿಳಿದಿರಬೇಕಾದ ಸಂಗತಿ.

ಮೊದಲು ಕಾರಿನ ಪರಿಚಯ. ಈ ಜಾತಿಯ ಕಾರಿಗೆ ಗಟ್ಟಿಯಾದ ಮಾಡು ಇರುವುದಿಲ್ಲ. ಬಟ್ಟೆಯ ಹೊದಿಕೆಯನ್ನು ಮಡಚಿ ಹಿಂದಕ್ಕೆ ಹಾಕಿದರೆ ಮೇಲೆ ಆಕಾಶ. ಕೂರುವವರು ಮುಖ್ಯವಾಗಿ ಇಬ್ಬರು. ಇಟಲಿಯಲ್ಲಿ ಇದಕ್ಕೆ 'ಸ್ಪೈಡರ್' ಎನ್ನುತ್ತಾರೆ. ಹಿಂದೆ ಹಗುರವಾದ ಒಂದು ಬಗೆಯ ಕುದುರೆಗಾಡಿಗೆ ಇದ್ದ ಹೆಸರು ಅದು. ಇವುಗಳಲ್ಲಿ ಹೆಚ್ಚು ಪ್ರೀತಿ ಗಳಿಸಿದ್ದು ಆಲ್ಫಾ ರೋಮಿಯೋ ಕಂಪನಿಯ ಸ್ಪೈಡರ್. 1966ರ ಮಾರ್ಚ್‌ನಲ್ಲಿ ಜಿನೀವಾದ ವಾಹನ ಪ್ರದರ್ಶನದಲ್ಲಿ ಅದು ಮೊದಲು ಕಾಣಿಸಿಕೊಂಡಿತು. 1570 ಸಿ.ಸಿ.ಯ ಇಂಜಿನ್, ಐದು ಗೇರು, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಒಂದು ಟನ್ನಿಗೆ ತುಸು ಕಡಿಮೆ ತೂಕ. ಅದರ ದೇಹವನ್ನು ರೂಪಿಸಿದ್ದು ಟ್ಯೂರಿನ್ ನಗರದ ಪಿನಿನ್‌ಫರೀನಾ ಸಂಸ್ಥೆ. ಸಂಸ್ಥಾಪಕ ಬತಿಸ್ತಾ ಪಿನಿನ್‌ಫರೀನಾ ಮರುತಿಂಗಳು, ಏಪ್ರಿಲ್‌ನಲ್ಲಿ, ತೀರಿಕೊಂಡರು. ಮೊದಲ ವರ್ಷಗಳ ಕಾರಿನ ಹಿಂಭಾಗ ನೀಳವಾಗಿ, ದುಂಡಾಗಿ ಇಳಿಯುತ್ತದೆ. ಇಟಲಿಯ ಜನ ಅದಕ್ಕೆ ಇಟ್ಟ ಅಡ್ಡಹೆಸರಿನ ಅರ್ಥ 'ಸಮುದ್ರನೊರೆ'. ನಾಟಿ ಔಷಧಿಗೆಂದು ಕಡಲತೀರದಿಂದ ಆರಿಸಿ ತರುವ ಆ ಬಿಳಿಯ ಎಲುಬೇ ಇದು. 1967ರ 'ದಿ ಗ್ರಾಜುಯೇಟ್' ಎಂಬ ಅಮೆರಿಕದ ಚಲನಚಿತ್ರ ಈ ಕಾರನ್ನು ಲೋಕಪ್ರಸಿದ್ಧಗೊಳಿಸಿತು. ಸ್ವಲ್ಪ ಸ್ವಲ್ಪ ಬದಲಾಗುತ್ತ ಅದು 1990ರ ದಶಕದ ಆರಂಭದವರೆಗೂ ತಯಾರಾಯಿತು. ಒಟ್ಟು ಸಂಖ್ಯೆ ಸುಮಾರು 1,24,000. ಫಿಯೆಟ್ ಕಂಪನಿಯ 124 ಸ್ಪೈಡರ್ ಕೂಡ 1966ರಲ್ಲಿಯೇ ಹುಟ್ಟಿದ್ದು, ಅದೇ ಪಿನಿನ್‌ಫರೀನಾದ ಕೈಯಿಂದ.

ಫಿಯೆಟ್ ಎಂದಾಗ ಮಲೆನಾಡಿನ ಹಿರಿಯರಿಗೆ ಬೇರೊಂದು ಕಾರು ನೆನಪಾದೀತು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸಿದ ಫಿಯೆಟ್ 1100, ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದದ್ದು, ಅಡಿಕೆ ಮತ್ತು ಕಾಫಿ ತೋಟದ ಎಷ್ಟೋ ಮನೆಗಳ ಅಂಗಳದಲ್ಲಿ ದಶಕಗಳ ಕಾಲ ನಿಂತಿತ್ತು. ಅದೂ ಟ್ಯೂರಿನ್ನಿನ ವಂಶದ್ದೇ. ಮಾಡು ಇತ್ತು, ಸೊಗಸು ಕಡಿಮೆ, ಅಷ್ಟೆ. ತಂತಿ, ಸ್ಪ್ಯಾನರ್ ಮತ್ತು ತಾಳ್ಮೆ ಇದ್ದವರು ದಾರಿಬದಿಯಲ್ಲಿಯೇ ಅದನ್ನು ರಿಪೇರಿ ಮಾಡಬಲ್ಲವರಾಗಿದ್ದರು. ಹಳೆಯ ಇಟಲಿ ಕಾರಿನ ಆಕರ್ಷಣೆಯ ಅರ್ಧಭಾಗ ಇಲ್ಲಿಯೇ ಇದೆ: ಯಂತ್ರ ಮನುಷ್ಯನ ಬುದ್ಧಿಗೆ ದಕ್ಕುತ್ತದೆ. ಬಾನೆಟ್ ಎತ್ತಿದರೆ ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ಬೆಲ್ಟು ಎಲ್ಲವೂ ಕಣ್ಣಿಗೆ ಕಾಣುತ್ತವೆ.

ಇಂಥ ಕಾರುಗಳ ಮಾಲೀಕರು ಒಂಟಿಯಾಗಿ ಇರುವುದಿಲ್ಲ. ಹಳೆಯ ವಾಹನಗಳ ಕ್ಲಬ್ಬುಗಳನ್ನು ಒಂದುಗೂಡಿಸುವ ಇಟಲಿಯ ಒಕ್ಕೂಟ, ಎ.ಎಸ್.ಐ., 1966ರಷ್ಟು ಹಿಂದೆಯೇ ಸ್ಥಾಪನೆಯಾಯಿತು. ಬಿಡಿಭಾಗ ಎಲ್ಲಿ ಸಿಗುತ್ತದೆ, ತುಕ್ಕು ಎಲ್ಲಿ ಮೊದಲು ಹಿಡಿಯುತ್ತದೆ, ಹೊದಿಕೆಯ ಬಟ್ಟೆ ಹೊಲಿಯುವವರು ಯಾವ ಊರಿನಲ್ಲಿ ಉಳಿದಿದ್ದಾರೆ ಎಂಬ ತಿಳಿವಳಿಕೆ ಒಬ್ಬರಿಂದ ಒಬ್ಬರಿಗೆ ಹರಿಯುವುದು ಈ ಕೂಟಗಳಲ್ಲಿಯೇ. ಭಾನುವಾರ ಬೆಳಿಗ್ಗೆ ಹತ್ತು ಹದಿನೈದು ಕಾರುಗಳು ಒಂದು ಊರಿನ ಚೌಕದಲ್ಲಿ ಸೇರುತ್ತವೆ. ಕಾಫಿಯಾಗುತ್ತದೆ. ದಾರಿ ಬಲ್ಲವರು ಮುಂದೆ, ಯಂತ್ರ ಬಲ್ಲವರು ಕೊನೆಗೆ. ಹಿಂದುಳಿದವರನ್ನು ಸೇರಿಸಿಕೊಂಡು ಬರುವ ಆ ಕೊನೆಯ ವಾಹನಕ್ಕೆ ಸೈಕಲ್ ಪಂದ್ಯಗಳಿಂದ ಬಂದ 'ಪೊರಕೆ ಗಾಡಿ' ಎಂಬ ಹೆಸರಿದೆ. ಒಂದು ಕಾರು ಬಿಸಿಯಾಗಿ ನಿಂತರೆ ಎಲ್ಲ ಕಾರುಗಳೂ ನಿಲ್ಲುತ್ತವೆ. ಮಧ್ಯಾಹ್ನದ ಊಟ ಯಾವುದೋ ಹಳ್ಳಿಯ ಭೋಜನಶಾಲೆಯಲ್ಲಿ, ಎರಡು ಗಂಟೆಗೆ ಕಡಿಮೆಯಿಲ್ಲದಂತೆ. ಇಡೀ ದಿನ ಕ್ರಮಿಸಿದ್ದು ನೂರೈವತ್ತು ಕಿಲೋಮೀಟರ್ ದಾಟದಿದ್ದರೂ ಯಾರಿಗೂ ಬೇಸರವಿಲ್ಲ.

ವೇಗವನ್ನು ಬಿಟ್ಟುಕೊಟ್ಟ ಈ ಸಂಸ್ಕೃತಿಯ ಹಿಂದೆ ಒಂದು ದುಃಖದ ಪ್ರಸಂಗವೂ ಇದೆ. ಬ್ರೆಶಾ ನಗರದಿಂದ ರೋಮಿಗೆ ಹೋಗಿ ಮರಳುವ, ಸುಮಾರು 1,600 ಕಿಲೋಮೀಟರ್‌ಗಳ 'ಮಿಲ್ಲೆ ಮಿಲಿಯಾ' ಎಂಬ ಪಂದ್ಯ 1927ರಲ್ಲಿ ಆರಂಭವಾಯಿತು. ಅದು ಜನಬಳಕೆಯ ರಸ್ತೆಗಳಲ್ಲಿಯೇ ನಡೆಯುತ್ತಿತ್ತು. 1957ರ ಮೇ 12ರಂದು ಗುಯಿದಿಜ್ಜೊಲೊ ಎಂಬ ಊರಿನ ಬಳಿ ಟೈರು ಸಿಡಿದ ಕಾರೊಂದು ಜನರ ಮೇಲೆ ನುಗ್ಗಿತು. ಚಾಲಕ ಮತ್ತು ಜೊತೆಗಾರನಲ್ಲದೆ ದಾರಿಬದಿಯಲ್ಲಿ ನಿಂತಿದ್ದ 9 ಮಂದಿ ಸತ್ತರು. ಅವರಲ್ಲಿ 5 ಮಕ್ಕಳು. ವೇಗದ ಪಂದ್ಯ ಅಲ್ಲಿಗೆ ನಿಂತಿತು. 1977ರಲ್ಲಿ ಅದೇ ಹೆಸರಿನಲ್ಲಿ ಮರುಹುಟ್ಟು ಪಡೆದದ್ದು ಬೇರೆಯದೇ ಕೂಟ: ನಿಗದಿಪಡಿಸಿದ ಸಮಯಕ್ಕೆ ಸರಿಯಾಗಿ, ಬೇಗವೂ ಅಲ್ಲದೆ ತಡವೂ ಆಗದೆ ತಲುಪುವವರಿಗೆ ಅಂಕ.

ಟ್ಯೂರಿನ್‌ನಿಂದ ದಕ್ಷಿಣಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರ್ ಹೋದರೆ ಲಾಂಗೆ ಎಂಬ ಗುಡ್ಡಗಾಡು ಸಿಗುತ್ತದೆ. ತೆರೆದ ಕಾರಿನವರಿಗೆ ಅದು ತವರುಮನೆಯಂತೆ. ಆಲ್ಬಾ ಪಟ್ಟಣದಿಂದ ಹೊರಟು ಬರೋಲೊ, ಲಾ ಮೊರ್ರಾ, ಮೊನ್‌ಫೋರ್ತೆ ಹಳ್ಳಿಗಳ ದಾರಿ ಹಿಡಿದರೆ ಎರಡೂ ಬದಿಗೆ ದ್ರಾಕ್ಷಿಯ ಸಾಲುಗಳು. ಒಂದೊಂದು ಗುಡ್ಡದ ನೆತ್ತಿಯಲ್ಲಿ ಒಂದೊಂದು ಊರು. 2014ರಲ್ಲಿ ಈ ದ್ರಾಕ್ಷಿ ಬೆಳೆಯ ಭೂದೃಶ್ಯಕ್ಕೆ ಯುನೆಸ್ಕೋದ ವಿಶ್ವಪರಂಪರೆಯ ಮನ್ನಣೆ ದೊರೆಯಿತು. ಇನ್ನೂ ಮೇಲಕ್ಕೆ, ಮುರಜ್ಜಾನೊ ಕಡೆಗೆ ಏರಿದಂತೆ ದ್ರಾಕ್ಷಿ ಹಿಂದೆ ಸರಿದು ಹೇಜಲ್‌ನಟ್ ತೋಟಗಳು, ಹುಲ್ಲುಗಾವಲು, ಕಾಡು ಎದುರಾಗುತ್ತವೆ. ವಾಹನಗಳು ವಿರಳ. ಕಾರಿನವರು ಮೆಚ್ಚುವುದು ಈ ನಿರ್ಜನ ದಾರಿಗಳನ್ನೇ.

ಈ ದಾರಿಗಳು ಮೊದಲಿನಿಂದ ನಿರ್ಜನವಾಗಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ, ವಿಶೇಷವಾಗಿ 1950 ಮತ್ತು 60ರ ದಶಕಗಳಲ್ಲಿ, ಈ ಗುಡ್ಡಗಳಿಂದಲೂ ಹತ್ತಿರದ ಆಲ್ಪ್ಸ್ ಕಣಿವೆಗಳಿಂದಲೂ ಯುವಕರು ಕೆಳಗಿಳಿದು ಹೋದರು. ಇಳಿಜಾರಿನ ತುಂಡು ಭೂಮಿ ಹೊಟ್ಟೆ ತುಂಬಿಸುತ್ತಿರಲಿಲ್ಲ. ಟ್ಯೂರಿನ್ನಿನ ಕಾರ್ಖಾನೆಗಳು ತಿಂಗಳ ಸಂಬಳ ಕೊಡುತ್ತಿದ್ದವು. ದಕ್ಷಿಣ ಇಟಲಿಯಿಂದ ರೈಲಿನಲ್ಲಿ ಬಂದ ಲಕ್ಷಾಂತರ ಜನರ ಜೊತೆಗೆ ಈ ಬೆಟ್ಟದ ಮಕ್ಕಳೂ ಕಾರು ಜೋಡಿಸುವ ಸಾಲಿನಲ್ಲಿ ನಿಂತರು. ಬೆಟ್ಟದಲ್ಲಿ ಉಳಿದ ಮುದುಕ ಮುದುಕಿಯರ ಮಾತುಗಳನ್ನು ನೂತೊ ರೆವೆಲ್ಲಿ ಎಂಬ ಲೇಖಕರು ಧ್ವನಿಮುದ್ರಿಸಿಕೊಂಡು 1977ರಲ್ಲಿ ಗ್ರಂಥವಾಗಿ ಹೊರತಂದರು. ಅದರ ಶೀರ್ಷಿಕೆಯ ಅರ್ಥ 'ಸೋತವರ ಲೋಕ'. ಎಂದರೆ, ಇಂದು ಬೆಟ್ಟದ ಸೌಂದರ್ಯ ಸವಿಯಲು ಏರಿ ಬರುವ ಆ ಸೊಗಸಾದ ಕಾರುಗಳ ಕಾಲ, ಬೆಟ್ಟ ಖಾಲಿಯಾದ ಕಾಲವೂ ಹೌದು. ಕಾರನ್ನು ಪ್ರೀತಿಸುವವರಲ್ಲಿ ಹೆಚ್ಚಿನವರು ಹೇಳುವುದು ವಿನ್ಯಾಸಕಾರನ ಹೆಸರನ್ನು ಮಾತ್ರ.

ಆಲ್ಬಾದ ಸುತ್ತಲಿನ ಊರುಗಳು ಮಾತ್ರ ಪೂರ್ತಿ ಬರಿದಾಗಲಿಲ್ಲ. ಅದಕ್ಕೆ ಒಂದು ಕಾರಣ, 1946ರಲ್ಲಿ ಅಲ್ಲಿ ಆರಂಭವಾದ ಫೆರೆರೋ ಮಿಠಾಯಿ ಕಾರ್ಖಾನೆ ಹಳ್ಳಿಗಳಿಗೆ ಬಸ್ಸು ಕಳುಹಿಸಿ ಕೆಲಸಗಾರರನ್ನು ಕರೆತಂದು ಸಂಜೆ ಮನೆಗೆ ಬಿಡುತ್ತಿತ್ತು. ಹಗಲು ಕಾರ್ಖಾನೆ, ಬಿಡುವಿನಲ್ಲಿ ತೋಟ. ಗುಡ್ಡದ ಹೇಜಲ್‌ನಟ್‌ಗೂ ಅದೇ ಗಿರಾಕಿ. ಊರು ಉಳಿಯುವುದಕ್ಕೆ ಒಂದು ಬಸ್ಸಿನ ವೇಳಾಪಟ್ಟಿ ಎಷ್ಟು ಮುಖ್ಯ ಎಂಬುದನ್ನು ಸರ್ಕಾರಿ ಬಸ್ಸು ನಿಂತುಹೋದ ಹಳ್ಳಿಗಳಿಂದ ಕಾಲೇಜಿಗೆ ನಡೆದು ಬರುವ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ.

ಬೆಟ್ಟ ಖಾಲಿಯಾದರೆ ಪ್ರಕೃತಿಗೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಕಾಡಿನ ಮಟ್ಟಿಗೆ ಭಾಗಶಃ ಹೌದು. ಆದರೆ ಶತಮಾನಗಳ ಕಾಲ ಮನುಷ್ಯನ ಕೈಯಿಂದ ರೂಪುಗೊಂಡ ಇಳಿಜಾರು ಕೈ ಬಿಟ್ಟ ಕೂಡಲೇ ಸುರಕ್ಷಿತವಾಗಿಬಿಡುವುದಿಲ್ಲ. ಮೆಟ್ಟಿಲು ಹೊಲದ ಕಲ್ಲುಕಟ್ಟೆಯನ್ನು ವರ್ಷಕ್ಕೊಮ್ಮೆ ನೋಡುವವರಿಲ್ಲದಿದ್ದರೆ, ನೀರಿನ ಕಾಲುವೆಯಲ್ಲಿ ತುಂಬಿದ ಎಲೆ ತೆಗೆಯುವವರಿಲ್ಲದಿದ್ದರೆ, ಮಳೆನೀರು ತನಗೆ ಬೇಕಾದಲ್ಲಿ ಇಂಗುತ್ತದೆ. ಲಾಂಗೆಯ ನೆಲ ಸುಣ್ಣಜೇಡಿ ಮತ್ತು ಮರಳುಗಲ್ಲಿನ ಓರೆಯಾದ ಪದರಗಳದ್ದು. ಪದರಗಳ ನಡುವೆ ನೀರು ಸೇರಿದರೆ ಮೇಲಿನ ಪದರ ಹಲಗೆಯಂತೆ ಜಾರುತ್ತದೆ. 1994ರ ನವೆಂಬರ್ 5 ಮತ್ತು 6ರಂದು ಬಿದ್ದ ಮಳೆಗೆ ತಾನಾರೊ ನದಿ ಉಕ್ಕಿತು, ಲಾಂಗೆಯ ಗುಡ್ಡಗಳು ಎಷ್ಟೋ ಕಡೆ ಜಾರಿದವು, ಪೀಮಾಂಟ್ ಪ್ರಾಂತದಲ್ಲಿ ಸುಮಾರು 70 ಮಂದಿ ಪ್ರಾಣ ಕಳೆದುಕೊಂಡರು. ಕುಸಿತಕ್ಕೆ ಪಾಳುಭೂಮಿಯೊಂದೇ ಕಾರಣವೆನ್ನಲಾಗದು. ಮಳೆಯ ಪ್ರಮಾಣ, ನೆಲದ ರಚನೆ ಎರಡೂ ಇವೆ. ಆದರೂ ದ್ರಾಕ್ಷಿಯ ಸಾಲುಗಳನ್ನು ಇಳಿಜಾರಿಗೆ ಅಡ್ಡಲಾಗಿ, ಗುಡ್ಡದ ಸುತ್ತ ಬಳಸಿ ನೆಡುತ್ತಿದ್ದ ಹಳಬರ ಕ್ರಮವನ್ನು ಬಿಟ್ಟು, ಟ್ರ್ಯಾಕ್ಟರಿನ ಅನುಕೂಲಕ್ಕೆಂದು ಮೇಲಿನಿಂದ ಕೆಳಕ್ಕೆ ನೇರವಾಗಿ ಸಾಲು ಹಾಕಿದರೆ ಮಣ್ಣಿನ ಸವಕಳಿ ಹೆಚ್ಚುತ್ತದೆ ಎಂಬುದರಲ್ಲಿ ಕೃಷಿ ವಿಜ್ಞಾನಕ್ಕೆ ಸಂದೇಹವಿಲ್ಲ.

ರಸ್ತೆಯ ಮಾತೂ ಇದೇ. ಹಳೆಯ ಕಾರಿನವರು ಜೀವನದಲ್ಲಿ ಒಮ್ಮೆಯಾದರೂ ಏರಬೇಕೆಂದು ಬಯಸುವ ದಾರಿ, ಉತ್ತರದ ಆಲ್ಪ್ಸ್‌ನ ಸ್ಟೆಲ್ವಿಯೋ. 1820ರಿಂದ 1825ರ ನಡುವೆ, ಆ ಭಾಗ ಆಸ್ಟ್ರಿಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿದ್ದಾಗ, ಕಾರ್ಲೊ ದೊನೆಗಾನಿ ಎಂಬ ಇಂಜಿನಿಯರ್ ಅದನ್ನು ಕಟ್ಟಿಸಿದರು. ಎತ್ತರ 2,757 ಮೀಟರ್. ಈಶಾನ್ಯದ ಕಡೆಯಿಂದ ಏರುವಾಗ 48 ಹೇರ್‌ಪಿನ್ ತಿರುವುಗಳು. ಕುದುರೆಗಾಡಿ ಏರಬಲ್ಲ ಏರಿಗೆ ಹೊಂದಿಸಿ, ಕಲ್ಲಿನ ಗೋಡೆಗಳ ಆಸರೆಯ ಮೇಲೆ, ಬೆಟ್ಟದ ಮೈಯನ್ನು ಅನುಸರಿಸಿ ಹೋಗುವ ದಾರಿ ಅದು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹಿಮದಿಂದ ಮುಚ್ಚುತ್ತದೆ. ಮುಚ್ಚುತ್ತದೆ ಎಂಬುದನ್ನು ಅಲ್ಲಿ ಯಾರೂ ಅವಮಾನವೆಂದು ಭಾವಿಸಿಲ್ಲ. ವಿಚಿತ್ರವೆಂದರೆ, 2016ರಲ್ಲಿ ಆಲ್ಫಾ ರೋಮಿಯೋ ಕಂಪನಿ ಇದೇ 'ಸ್ಟೆಲ್ವಿಯೋ' ಹೆಸರನ್ನು ಇಟ್ಟದ್ದು ಒಂದು ಎತ್ತರದ, ಅಗಲದ ಎಸ್.ಯು.ವಿ.ಗೆ, ತೂಕ 1,600 ಕಿಲೋ ದಾಟುತ್ತದೆ. ಹಳೆಯ ಸ್ಪೈಡರ್ ಎರಡು ಎದುರುಬದುರಾದರೂ ಸರಾಗವಾಗಿ ಸಾಗುವ ತಿರುವಿನಲ್ಲಿ ಅಂಥ ಎರಡು ವಾಹನಗಳಿಗೆ ಜಾಗ ಸಾಲದು. ಆಗ ಏಳುವ ಕೂಗು ವಾಹನ ಸಣ್ಣದಾಗಲಿ ಎಂಬುದಲ್ಲ, ದಾರಿ ದೊಡ್ಡದಾಗಲಿ ಎಂಬುದು.

ಆ ಕೂಗಿನ ಪರಿಣಾಮ ಏನೆಂಬುದು ಮಲೆನಾಡಿಗೆ ಗೊತ್ತು. ಯಂತ್ರದಿಂದ ನೆಟ್ಟಗೆ ಕಡಿದ ಧರೆಗೆ ಮುಂದಿನ ಎರಡು ಮೂರು ಮಳೆಗಾಲಗಳೇ ಪರೀಕ್ಷೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಹಲವೆಡೆ ಕುಸಿದು ಸಂಚಾರ ನಿಂತುಹೋಯಿತು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಮಳೆಗಾಲ ಬಂತೆಂದರೆ ಭಾರಿ ವಾಹನಗಳಿಗೆ ನಿಷೇಧ ಹೇರಬೇಕಾಗುತ್ತದೆ. ಆದರೂ ತಿರುವನ್ನು ನೇರ ಮಾಡುವ, ಕಿರಿದನ್ನು ಅಗಲ ಮಾಡುವ ಬೇಡಿಕೆ ತಗ್ಗಿಲ್ಲ. ಇಟಲಿಯ ಸಂಚಾರ ಕಾನೂನಿನಲ್ಲಿ ಒಂದು ಹಳೆಯ ನಿಯಮ ಇದೆ: ಕಡಿದಾದ ಬೆಟ್ಟದ ದಾರಿಯಲ್ಲಿ ಎರಡು ವಾಹನಗಳು ಒಮ್ಮೆಲೇ ಹಾಯಲಾಗದಿದ್ದರೆ ಇಳಿಯುವವನು ನಿಂತು ಏರುವವನಿಗೆ ದಾರಿ ಕೊಡಬೇಕು. ಗಾಡಿ ಹೊಡೆಯುವ ಕಾಲದಿಂದ ಇಲ್ಲಿಯವರಿಗೂ ತಿಳಿದಿದ್ದ ಮರ್ಯಾದೆ ಇದು. ಈಗ ಪ್ರತಿ ತಿರುವಿನಲ್ಲಿ ಹಾರನ್ನಿನ ಜಗಳ.

ಹಳೆಯ ಕಾರು ಹೊಗೆ ಉಗುಳುವುದಿಲ್ಲವೇ? ಉಗುಳುತ್ತದೆ. ಲೆಕ್ಕ ಹಾಕಿಯೇ ನೋಡಬಹುದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಲೀಟರಿಗೆ 10 ಕಿಲೋಮೀಟರ್ ಕೊಡುವ ಸ್ಪೈಡರ್ ವರ್ಷಕ್ಕೆ 2,000 ಕಿಲೋಮೀಟರ್ ಓಡಿತೆಂದುಕೊಂಡರೆ 460 ಕಿಲೋ. ಲೀಟರಿಗೆ 18 ಕಿಲೋಮೀಟರ್ ಕೊಡುವ ಹೊಸ ಕಾರು ದಿನಬಳಕೆಯಲ್ಲಿ ವರ್ಷಕ್ಕೆ 12,000 ಕಿಲೋಮೀಟರ್ ಓಡಿದರೆ ಒಂದೂವರೆ ಟನ್. ಆದರೆ ಹಳೆಯ ಇಂಜಿನ್ನಿಗೆ ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ. ಪ್ರತಿ ಕಿಲೋಮೀಟರಿಗೆ ಅದು ಬಿಡುವ ವಿಷಾನಿಲಗಳು ಹೊಸ ಕಾರಿಗಿಂತ ಎಷ್ಟೋ ಪಾಲು ಹೆಚ್ಚು. ಅದರ ಯೌವನದಲ್ಲಿ ಪೆಟ್ರೋಲಿಗೆ ಸೀಸವನ್ನೂ ಬೆರೆಸುತ್ತಿದ್ದರು. ಭಾರತದಲ್ಲಿ ಅದು ನಿಂತದ್ದು 2000ದ ಫೆಬ್ರುವರಿಯಲ್ಲಿ. ರಸ್ತೆಬದಿಯ ಮಣ್ಣಿನ ಮೇಲ್ಪದರಕ್ಕೆ ಇಳಿದ ಸೀಸ ದಶಕಗಳಾದರೂ ಅಲ್ಲಿಯೇ ಇರುತ್ತದೆ. ಹೆದ್ದಾರಿಯ ಅಂಚಿನ ಹುಲ್ಲನ್ನು ಕರೆಯುವ ಹಸುವಿಗೆ ಹಾಕಬಾರದೆಂಬ ಎಚ್ಚರಿಕೆಗೆ ಇದೂ ಒಂದು ಕಾರಣ. ಹೀಗಾಗಿ ಹಳೆಯ ಕಾರು ನಿರಪರಾಧಿಯಲ್ಲ. ಅದನ್ನು ಸಹ್ಯವಾಗಿಸುವುದು ಅದರ ಅಪರೂಪ, ಅಷ್ಟೆ. ಇಟಲಿಯಲ್ಲಿ 30 ವರ್ಷ ದಾಟಿದ ವಾಹನಕ್ಕೆ ಒಡೆತನದ ತೆರಿಗೆ ಇಲ್ಲ. ಭಾರತ 2021ರಲ್ಲಿ ತಂದ ನಿಯಮ ಇನ್ನೂ ಬಿಗಿಯಾದುದು: 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಆದರೆ ಪ್ರದರ್ಶನ, ರ್‍ಯಾಲಿ ಮುಂತಾದ ಕೆಲವೇ ಸಂದರ್ಭಗಳಲ್ಲಿ ರಸ್ತೆಗೆ ತರಬಹುದು. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಿಗೆ ಆ ಭಾಗ್ಯ ಸಿಗಲಿಲ್ಲ. 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್‌ನಲ್ಲಿ ಕೊನೆಯವು ಬೀದಿಯಿಂದ ಮರೆಯಾದವು.

ಇನ್ನು ಹುಲ್ಲುಗಾವಲಿನ ಮಾತು. ಡೊಲೊಮೈಟ್ ಎಂಬ ಬಿಳಿಗಲ್ಲಿನ ಶಿಖರಗಳ ಸಾಲು ಇಟಲಿಯ ಈಶಾನ್ಯದಲ್ಲಿದೆ. 2009ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಬೇಸಗೆಯಲ್ಲಿ ಅಲ್ಲಿ ತೆರೆದ ಕಾರಿನಲ್ಲಿ ಹೋಗುವವರು ಮುಚ್ಚಿದ ಕಾರಿನವರಿಗೆ ಸಿಗದ ಒಂದನ್ನು ಪಡೆಯುತ್ತಾರೆ: ಕೊಯ್ದು ಹರಡಿದ ಹುಲ್ಲು ಬಿಸಿಲಿಗೆ ಒಣಗುವ ಗಂಧ. ಆ ಗಂಧ ತಾನಾಗಿ ಬರುವುದಿಲ್ಲ. ನಿಲ್ಲಲೂ ಕಷ್ಟವಾದ ಇಳಿಜಾರಿನಲ್ಲಿ ಕೈಯಂತ್ರದಿಂದ, ಅದೂ ಹೋಗದ ಕಡೆ ಕುಡುಗೋಲಿನಿಂದ, ಚಳಿಗಾಲದ ಮೇವಿಗಾಗಿ ಅಲ್ಲಿಯ ರೈತ ಹುಲ್ಲು ಕೊಯ್ಯುತ್ತಾನೆ. ಕೊಯ್ಯುವುದನ್ನು ನಿಲ್ಲಿಸಿದರೆ ಕೆಲವೇ ವರ್ಷಗಳಲ್ಲಿ ಪೊದೆ, ಆಮೇಲೆ ಮರ. ಹೂಗಳಿಂದ ತುಂಬಿದ ಬಯಲು, ಅದರಾಚೆ ಶಿಖರ ಎಂಬ ಆ ಪ್ರಸಿದ್ಧ ನೋಟವೇ ಇಲ್ಲವಾಗುತ್ತದೆ. ಹುಲ್ಲು ಕೊಯ್ಯದ, ದನ ಮೇಯದ ಬ್ಯಾಣದ ಗತಿ ಏನೆಂದು ಬಲ್ಲವರಿಗೆ ಇದು ಹೊಸದಲ್ಲ. ಇಲ್ಲಿ ಲಂಟಾನ, ಅಲ್ಲಿ ಬೇರೆ ಗಿಡ.

ರೈತ ಅಲ್ಲಿ ಉಳಿದಿರುವುದಕ್ಕೂ ಕಾರಣಗಳಿವೆ. ದಕ್ಷಿಣ ಟಿರೋಲ್ ಪ್ರಾಂತದಲ್ಲಿ ಹಿಡುವಳಿ ಒಡೆಯದಂತೆ ಒಬ್ಬನೇ ವಾರಸುದಾರನಿಗೆ ಹೋಗುವ ಕಾನೂನು ಇದೆ. ಉಳಿದ ಮಕ್ಕಳಿಗೆ ಇದು ಕಠಿಣವೇ. ಯುರೋಪಿನ ಒಕ್ಕೂಟ 1975ರಿಂದಲೇ ಬೆಟ್ಟದ ಕೃಷಿಕರಿಗೆ, ನೆಲದ ಕಷ್ಟಕ್ಕೆ ಪರಿಹಾರವೆಂದು, ಹಣ ಕೊಡುತ್ತ ಬಂದಿದೆ. ನೋಟಕ್ಕೆ ಬೆಲೆ ಇದೆ ಎಂದಾದರೆ ನೋಟವನ್ನು ಸೃಷ್ಟಿಸುವವನಿಗೆ ಕೂಲಿಯೂ ಇರಬೇಕೆಂಬ ತರ್ಕವನ್ನು ಒಪ್ಪುವುದು ಕಷ್ಟವಲ್ಲ.

ಹತ್ತು ಸ್ಪೈಡರ್‌ಗಳ ಒಂದು ಕೂಟ ಈ ಬೆಟ್ಟಕ್ಕೆ ಭಾರವಲ್ಲ. ನಿಂತು ಉಂಡು, ಹಳ್ಳಿಯ ಚೀಸ್ ಕೊಂಡು ಹೋಗುವವರು ಭಾರವಾಗುವುದಾದರೂ ಹೇಗೆ? ಆದರೆ ಜುಲೈ, ಆಗಸ್ಟ್‌ನಲ್ಲಿ ಸೆಲ್ಲಾ, ಪೊರ್ದೊಯಿ ಮೊದಲಾದ ಕಣಿವೆದಾರಿಗಳಿಗೆ ಬರುವವರು ಅವರೊಬ್ಬರೇ ಅಲ್ಲ. ಬೈಕು, ಬಸ್ಸು, ಬಾಡಿಗೆ ಕಾರು ಎಲ್ಲ ಸೇರಿ 2,200 ಮೀಟರ್ ಎತ್ತರದ ದಾರಿಯಲ್ಲಿ ನಗರದಂಥ ದಟ್ಟಣೆ. 2017ರಲ್ಲಿ ಅಲ್ಲಿಯ ಎರಡು ಪ್ರಾಂತಗಳು ಕೂಡಿ, ಆ ಎರಡು ತಿಂಗಳ ಬುಧವಾರಗಳಂದು ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಸೆಲ್ಲಾ ದಾರಿಯನ್ನು ಖಾಸಗಿ ಮೋಟಾರು ವಾಹನಗಳಿಗೆ ಮುಚ್ಚಿ ನೋಡಿದವು. ನಡೆಯುವವರು, ಸೈಕಲ್ಲಿನವರು, ಸಾರ್ವಜನಿಕ ಬಸ್ಸು ಹೋಗಬಹುದಿತ್ತು. ವ್ಯಾಪಾರಿಗಳೆಲ್ಲ ಒಪ್ಪಿದರೆಂದಲ್ಲ. ಹಳೆಯದು, ಸುಂದರವಾದುದು ಎಂದು ಸ್ಪೈಡರಿಗೆ ರಿಯಾಯಿತಿಯೂ ಇರಲಿಲ್ಲ. ಮುಳ್ಳಯ್ಯನಗಿರಿಯ ದಾರಿಗೆ 2025ರ ಸೆಪ್ಟೆಂಬರ್‌ನಿಂದ ಮುಂಗಡ ನೋಂದಣಿ, ವಾಹನಗಳ ಸಂಖ್ಯೆಗೆ ಮಿತಿ ಬಂದಾಗ ಕೇಳಿಬಂದ ವಾದ ವಿವಾದಗಳು ಅಲ್ಲಿ ಎಂಟು ವರ್ಷ ಮೊದಲೇ ನಡೆದಿದ್ದವು.

ಅದಕ್ಕೂ ಹಳೆಯ ಉದಾಹರಣೆ ಸೆಲ್ಲಾದಿಂದ ಹೆಚ್ಚು ದೂರವಿಲ್ಲದ ಆಲ್ಪೆ ದಿ ಸಿಯುಸಿ. ಸುಮಾರು 56 ಚದರ ಕಿಲೋಮೀಟರ್ ಹರಡಿದ ಆ ಎತ್ತರದ ಹುಲ್ಲುಗಾವಲು ಯುರೋಪಿನಲ್ಲಿಯೇ ಅತಿ ದೊಡ್ಡದು. 2003ರಲ್ಲಿ ಕೆಳಗಿನ ಊರಿನಿಂದ ರೋಪ್‌ವೇ ಬಂದ ಮೇಲೆ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಖಾಸಗಿ ಕಾರುಗಳಿಗೆ ಆ ದಾರಿಯನ್ನು ಮುಚ್ಚಿದರು. ಇಷ್ಟವಿದ್ದವರು ಒಂಬತ್ತಕ್ಕೆ ಮೊದಲೇ ಏರಬೇಕು. ಆ ಹೊತ್ತಿಗೆ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರುವುದಿಲ್ಲ, ಗಾಳಿ ಕೊರೆಯುತ್ತದೆ, ಮಾಡು ತೆರೆದ ಕಾರಿನವರು ಕಿವಿ ಮುಚ್ಚುವ ಟೋಪಿ ಹಾಕಿಕೊಂಡೇ ಹೋಗುತ್ತಾರೆ. ಮೇಲೆ ತಲುಪಿ ಇಂಜಿನ್ ನಿಲ್ಲಿಸಿದ ಮೇಲೆ ಕೇಳುವುದು ದನಗಳ ಕೊರಳ ಗಂಟೆ, ಅದರ ನಡುವೆ ಎಲ್ಲೋ ಹುಲ್ಲು ಕೊಯ್ಯುವ ಯಂತ್ರದ ಸದ್ದು.